ದೇಸಾಯರು ಕಂಡ ಮೋಡ

ಆಕಾಶದಲ್ಲಿ ಒಂದು ಚೂರೂ ಮೋಡವಿಲ್ಲ. ಲಾರಿಯೊಳಗಿನ ಪರದೆಯ ಮೇಲೆ ಮಾತ್ರ ಕೆಂಪು ಕೆಂಪು ಮೋಡ! ಎರಡು ಸಾವಿರದ ದಶಕದ ಆರಂಭ. ಹವಾಮಾನ ಕಚೇರಿಯ ಕೆಲಸಕ್ಕೆಂದು ನಾನು ಪುಣೆಗೆ ಬಂದ ಮೊದಲ ವಾರ. ಮಳೆಮೋಡ ಅಳೆಯುವ ನಮ್ಮ ರೇಡಾರ್ ಲಾರಿಯ ಮೇಲೇ ಇತ್ತು. ಅದನ್ನು ಊರಾಚೆಯ ಮೈದಾನದಲ್ಲಿ ನಿಲ್ಲಿಸಿದ್ದೆವು. ನನ್ನ ಗಾಬರಿ ಕಂಡು ಚಾಲಕ ಗಣಪತರಾವ್ ನಕ್ಕರು: "ಮ್ಯಾಡಮ್, ತೋ ಡೋಂಗರ್ ಆಹೇ." ಡೋಂಗರ್ ಎಂದರೆ ಗುಡ್ಡ. ರೇಡಾರಿನ ಡಿಶ್ ತುಸು ಕೆಳಗೆ ಬಾಗಿದರೆ ಸಾಕು, ಗುಡ್ಡಕ್ಕೆ ಬಡಿದು ಮರಳಿದ ಅಲೆಯೂ ಪರದೆಯಲ್ಲಿ ಮೋಡದಂತೆಯೇ ಕಾಣುತ್ತದೆ.

ಧಾರವಾಡದ ದಿಬ್ಬಗಳನ್ನೇ ಗುಡ್ಡವೆಂದುಕೊಂಡಿದ್ದವಳು ನಾನು. ಇಲ್ಲಿ ದಿಕ್ಕಿಗೊಂದು ನಿಜವಾದ ಗುಡ್ಡ. ಆಮ್ಟಿ ಎಂಬ ಇಲ್ಲಿನ ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ; ಕ್ಯಾಂಪ್ ಎಂಬ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಕೂತು, ಊರಿನ ಕೆಂಪು ಚಟ್ನಿ ಕಲಸಿಕೊಂಡು ಅಳುತ್ತ ಉಣ್ಣುತ್ತಿದ್ದೆ. ಕನ್ನಡ ಮಾತಾಡಲು ಇದ್ದವರು ಒಬ್ಬರೇ, ಮೇಲಧಿಕಾರಿ ದೇಸಾಯರು. ಧಾರವಾಡದಲ್ಲಿ ನಮ್ಮದೇ ಓಣಿಯವರು. "ಚಿಂತಿ ಮಾಡಬ್ಯಾಡ ತಂಗಿ, ನಾ ಇದ್ದೇನಲ್ಲಾ" ಎಂದಾಗ ಕಣ್ಣು ತುಂಬಿತ್ತು. ಥೂ, ಎಂಥ ಹುಚ್ಚಿ ನಾನು!

ಚಳಿಗಾಲವೆಲ್ಲ ಆ ಮೈದಾನದಿಂದ ಪರದೆಗೆ ಬೀಳುವ ಒಂದೊಂದು ಗುಡ್ಡವನ್ನೂ ಗುರುತಿಸಿ ನಕ್ಷೆ ಬರೆದೆ. ಮಳೆಗಾಲದಲ್ಲಿ ಯಾರೂ ಗುಡ್ಡವನ್ನು ಮೋಡವೆಂದು ಬಗೆಯಬಾರದಲ್ಲ. ವರದಿ ಅಚ್ಚಾಗಿ ಬಂತು. ನಕ್ಷೆಯ ಕೆಳಗೆ ದೇಸಾಯರ ಹೆಸರೊಂದೇ! ಕೇಳಿದರೆ, "ನಾವ್ ನಾವ್ ಒಂದ ಊರವರು. ಹೆಸರಿನಾಗ ಏನದ ತಂಗಿ?" ಎನ್ನುತ್ತ ಧಾರವಾಡ ಪೇಢೆ ಕೈಗಿಟ್ಟರು. ನಾನು ತಿನ್ನಲಿಲ್ಲ. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಕಾದೆ.

ಮಳೆ ಇನ್ನೂ ಹಿಡಿಯದ ಜೂನ್‌ನಲ್ಲಿ ರೇಡಾರ್ ನೋಡಲು ಅತಿಥಿಗಳು ಬಂದರು. ಮೈದಾನದ ಕಡೆ ಎಂದೂ ತಲೆ ಹಾಕದ ದೇಸಾಯರು ಅಂದು ಪರದೆಯ ಮುಂದೆ ಕುಳಿತು, "ಡಿಶ್ ಇನ್ನಷ್ಟು ಕೆಳಗ ಇಳಸು" ಎಂದರು. ಇಳಿಸಿದೆ. ಒಂದು ಮೂಲೆಯಲ್ಲಿ ಕೆಂಪು ಮೂಡಿತು. ದೊಡ್ಡ ಮೋಡ, ಒಂದು ಗಂಟೆಯೊಳಗೆ ಮಳೆ ಎಂದು ಅವರು ಮರಾಠಿಯಲ್ಲಿ ಸಾರಿಬಿಟ್ಟರು. ಅತಿಥಿಗಳು ಕೊಡೆ ಹಿಡಿದು ಹೊರಗೆ ನಿಂತರು. ಗಣಪತರಾವ್ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿಕೊಂಡೆ. ಗಂಟೆ ಪೂರ್ತಿ ಕಾಯಲು ಬಿಟ್ಟೆ. ಬಿಸಿಲೋ ಬಿಸಿಲು. ಆಹಾ, ಎಂಥ ಸುಖ!

ಆಮೇಲಾದರೂ ದೇಸಾಯರ ಕಿವಿಯಲ್ಲಿ ಕನ್ನಡದಲ್ಲಿ ಹೇಳಬಹುದಿತ್ತು. ಎಲ್ಲರಿಗೂ ತಿಳಿಯಲೆಂದೇ ಮರಾಠಿಯಲ್ಲಿ ಹೇಳಿದೆ: ಸಾಹೇಬರೇ, ಅದು ಗುಡ್ಡ. ನಿಮ್ಮ ಹೆಸರಿರುವ ನಕ್ಷೆಯಲ್ಲೇ ಮೂರನೆಯದು.

ಅತಿಥಿಗಳಲ್ಲಿ ಹಿರಿಯರೊಬ್ಬರು ವರದಿ ತೆರೆದು ನೋಡಿ, ಈ ನಕ್ಷೆ ಬರೆದವರು ಯಾರು ಎಂದು ಕೇಳಿದರು. ದೇಸಾಯರು ಬಾಯಿ ತೆರೆಯುವ ಮೊದಲೇ ಗಣಪತರಾವ್ ನನ್ನತ್ತ ಕೈ ತೋರಿಸಿದರು.

ಆಮೇಲೆ ಲಾರಿಯ ಹಿಂದೆ ದೇಸಾಯರು ಹಲ್ಲು ಕಡಿದರು: "ನಮ್ಮಾಕಿ ಆಗಿ ಹಿಂಗ ಮರ್ಯಾದಿ ಕಳಿಯೂದೇನ?"

"ನಮ್ಮವರಿಂದನ ಕಲತೇನ್ರಿ" ಎಂದೆ.

ಮುಂದಿನ ವರದಿಯಲ್ಲಿ ನಕ್ಷೆಯ ಕೆಳಗೆ ನನ್ನ ಹೆಸರಿತ್ತು. ದೀಪಾವಳಿಗೆ ಅದನ್ನು ಹಿಡಿದುಕೊಂಡು ಊರಿಗೆ ಹೋದೆ. ಓಣಿಯಲ್ಲಿ ನನ್ನನ್ನು ಕಂಡದ್ದೇ ದೇಸಾಯರ ಮನೆಯವರು ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ! ಅವ್ವ ವರದಿ ಬಿಡಿಸಿ ನಕ್ಷೆಯ ಮೇಲೆ ಬೆರಳಾಡಿಸಿದಳು.

"ಇವು ಯಾರ ಊರಿನ ಗುಡ್ಡ?"

"ನಮ್ಮವು" ಎಂದುಬಿಟ್ಟೆ.

ಅವ್ವನ ಬೆರಳು ಪುಣೆಯ ಗುಡ್ಡವೊಂದರ ಮೇಲೆ ನಿಂತಿತು.