ಎಷ್ಟ ಮಕ್ಕಳನ್ನ ಹಡದಿ ಯವ್ವಾ?

ನಮ್ಮ ಸರ್ಕಲ್ ಸಾಹೇಬರಿಗೆ ಬಲಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಿಗೆ ತೊಡಗಿದರೆ ಕುರ್ಚಿಯನ್ನೇ ತಿರುಗಿಸಿಕೊಂಡು, ಎಡಗಿವಿಯ ಹಿಂದೆ ಅಂಗೈ ಇಟ್ಟು, ಕಣ್ಣನ್ನು ನೆಲದಲ್ಲಿ ನೆಟ್ಟು ಕೂರುವರು. ‘ಇನ್ನೊಮ್ಮೆ ಹೇಳ್ರಿ’ ಎನ್ನುವರು. ಸುಳ್ಳು ಎರಡನೇ ಸಲಕ್ಕೆ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಅವರು ಕಂದಾಯ ನಿರೀಕ್ಷಕರು. ನಮ್ಮ ಕಡೆ ಆ ಹುದ್ದೆಯನ್ನು ‘ಸರ್ಕಲ್’ ಎಂದೇ ಕರೆಯುತ್ತಾರೆ. ನಾನು ಮೂಡಲಗಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೊಸ ತಲಾಠಿಯಾಗಿ, ಅಂದರೆ ಗ್ರಾಮ ಲೆಕ್ಕಿಗಳಾಗಿ, ಬಂದಾಗ ಅವರ ನಿವೃತ್ತಿ ಹತ್ತಿರವಾಗಿತ್ತು. ಗೋಕಾಕದಿಂದ ದಿನಾ ಬಸ್ಸಿಗೆ ಬರುವರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಒಂದು ರೊಟ್ಟಿ ನನ್ನ ಮೇಜಿಗೆ ಬಂದೇ ಬರುತ್ತಿತ್ತು.

ಯಾರಾದರೂ ತೀರಿಕೊಂಡರೆ ಅವರ ಹೊಲವನ್ನು ವಾರಸುದಾರರ ಹೆಸರಿಗೆ ಏರಿಸುವುದು ನಮ್ಮ ಕೆಲಸ. ಅದಕ್ಕೆ ಮನೆಯವರು ವಂಶಾವಳಿ ಕೊಡಬೇಕು. ನಾನು ಮೊದಲು ಮಾಡಿದ ಅಂಥ ಕಡತದಲ್ಲಿ ವಿಧವೆ ತಾಯಿ, ಇಬ್ಬರು ಗಂಡುಮಕ್ಕಳು, ಇಷ್ಟೇ ಹೆಸರಿದ್ದವು. ಊರ ಹಿರಿಯರು ಐವರು ಸಹಿ ಮಾಡಿದ್ದರು. ನಾನೂ ಸಹಿ ಹಾಕಿ ಸಾಹೇಬರ ಮುಂದಿಟ್ಟೆ.

ಅವರು ಕಾಗದವನ್ನು ಓದಿ ಮಡಚಿದರು. “ಇವರ ಅವ್ವನ್ನ ಕೇಳಿದಿ ಏನು, ತಂಗಿ?”

“ಇಲ್ರಿ ಸರ್. ಮಕ್ಕಳು ಹೇಳಿದ್ರು.”

“ಹಡದಾಕಿನ್ನ ಬಿಟ್ಟು ಎಲ್ಲಾರನ್ನೂ ಕೇಳಿ ಬಂದೀಯಲ್ಲ.”

ಬೈಯಲಿಲ್ಲ. ಎದ್ದು ನನ್ನ ಜೊತೆ ಆ ಮನೆಗೆ ಬಂದರು. ಮುದುಕಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಸಾಹೇಬರು ಅವಳೆದುರು ನೆಲದ ಮೇಲೆಯೇ ಕೂತು, ಎಡಗಿವಿಯನ್ನು ಅವಳತ್ತ ತಿರುಗಿಸಿದರು.

“ಎಷ್ಟ ಮಕ್ಕಳನ್ನ ಹಡದಿ ಯವ್ವಾ?”

ಮುದುಕಿ ಬಾಗಿಲಲ್ಲಿ ನಿಂತಿದ್ದ ಮಕ್ಕಳ ಮುಖ ನೋಡಿದಳು. ಆಮೇಲೆ ಕೈಯಲ್ಲಿದ್ದ ಶೇಂಗಾವನ್ನು ನೋಡಿದಳು. “ನಾಕ್ರಿ. ಒಂದು ಕೂಸಿದ್ದಾಗ ಹೋತು.”

“ಉಳದದ್ದು ಮೂರು ಆದುವಲ್ಲ. ಇಲ್ಲಿ ಎರಡ ಅದಾವು.”

ಹಿರಿಯ ಮಗ ನಡುವೆ ಬಂದ. “ತಂಗಿ ನಮ್ಮನ್ನ ಬಿಟ್ಟು ಬ್ಯಾರೆ ಜಾತಿಯಾಂವನ ಕೂಡ ಮದಿವಿ ಆದಾಕಿರಿ, ಸಾಹೇಬ್ರ. ನಮ್ಮ ಪಾಲಿಗಿ ಆಕಿ ಸತ್ತಂಗ.”

“ಸತ್ತಿದ್ರ ದಾಖಲೆ ತಂದು ಕೊಡು,” ಎಂದರು ಸಾಹೇಬರು, ದನಿ ಏರಿಸದೆ. “ಬದುಕಿದ್ರ ಊರ ಹೆಸರು ಹೇಳು.”

ಊರನ್ನು ಹೇಳಿದವಳು ತಾಯಿ. ನಿಡಸೋಸಿಯ ಹತ್ತಿರ. ಮಗಳಿಗೆ ಕೊಡಬೇಕಾದ ನೋಟಿಸನ್ನು ಅಂಚೆಗೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಒಂದು ಭಾನುವಾರ ಸಾಹೇಬರು ಬಸ್ಸು ಹತ್ತಿದರು; ನಾನೂ ಹೊರಟೆ.

ಅವಳು ನನ್ನ ವಯಸ್ಸಿನವಳು. ಗಂಡ ಕಾಲೇಜೊಂದರ ಬಸ್ಸಿನ ಚಾಲಕ. ನೋಟಿಸನ್ನು ನಿಧಾನವಾಗಿ ಓದಿ, ಅಪ್ಪನ ಹೆಸರಿನ ಹಿಂದೆ ‘ದಿವಂಗತ’ ಎಂದಿದ್ದಲ್ಲಿ ಬೆರಳಿಟ್ಟು ಕೂತುಬಿಟ್ಟಳು. ಅಪ್ಪ ಹೋದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಸಾಹೇಬರು ತಲೆ ತಗ್ಗಿಸಿದರು. ಅವಳು ಅತ್ತು ಮುಗಿಸುವವರೆಗೂ ಹಾಗೆಯೇ ಕೂತಿದ್ದರು.

ಕಣ್ಣೊರೆಸಿಕೊಂಡು ಅವಳು, “ನನಗ ಹೊಲ ಬ್ಯಾಡ್ರಿ. ಬೇಕಾದ್ರ ಈಗ ಬರದು ಕೊಡ್ತೇನಿ” ಎಂದಳು.

“ಮದಲ ನಿನ್ನ ಹೆಸರು ಏರ್ಲಿ, ಮಗಳ. ಆಮ್ಯಾಲ ಇಟ್ಕೊ, ಇಲ್ಲಾ ಬಿಡು, ಅದು ನಿನ್ನ ಮರ್ಜಿ. ಕೈಯಾಗ ಇಲ್ಲದ್ದನ್ನ ಹ್ಯಾಂಗ ಬಿಡ್ತಿ?”

ಹೆಸರು ಏರಿತು. ಅಣ್ಣಂದಿರು ತಕರಾರು ಹಾಕಿದರು, ಯಾರಿಂದಲೋ ಫೋನ್ ಮಾಡಿಸಿದರು. ಸಾಹೇಬರು ಆ ಫೋನನ್ನು ಬಲಗಿವಿಗೆ ಹಿಡಿದು ‘ಹೌದ್ರಿ, ಹೌದ್ರಿ’ ಎಂದರು. ಮುದುಕಿ ಸುದ್ದಿ ತಿಳಿದು ಕಚೇರಿಗೆ ಬಂದಳು. “ಸಾಹೇಬ್ರ, ಈಗ ಆಕಿ ಮನಿಗಿ ಬರಬಹುದೇನ್ರಿ?”

ಯಾವ ಪ್ರಶ್ನೆಗೂ ನಿಯಮ ಹುಡುಕಿ ಹೇಳುವ ಮನುಷ್ಯ, ಆವತ್ತು ಪೆನ್ನು ಕೆಳಗಿಟ್ಟರು. “ಅದಕ್ಕ ನನ್ನ ಸಹಿ ಬೇಕಾಗಿಲ್ಲ ಯವ್ವಾ. ನೀ ಕರದ್ರ ಸಾಕು.”

ಕರೆದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆದರೆ ಅದಾದ ಮೇಲೆ ಸಾಹೇಬರ ವ್ಯಾಪ್ತಿಯ ಹಳ್ಳಿಗಳಲ್ಲಿ ವಂಶಾವಳಿ ಮಾಡುವ ರೀತಿಯೇ ಬದಲಾಯಿತು. ತಾಯಿ ಬದುಕಿದ್ದರೆ ಮೊದಲು ಅವಳನ್ನು ಕೇಳಬೇಕು. ಇಲ್ಲದಿದ್ದರೆ ಸೂಲಗಿತ್ತಿಯನ್ನೋ ನೆರೆಯವರನ್ನೋ. ಬರೆದ ಹೆಸರುಗಳನ್ನು ಚಾವಡಿಯ ಮುಂದೆ ಗಟ್ಟಿಯಾಗಿ ಓದಬೇಕು. ಸಾಹೇಬರು ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿದ್ದರು. ಮೇಲಿನವರು ಅದನ್ನು ಮೆಚ್ಚಿ ತಾಲ್ಲೂಕಿನ ತಲಾಠಿಗಳಿಗೆಲ್ಲ ಹಂಚಿದರು. ಹಾಳೆಯ ಕೆಳಗೆ ಅವರ ಹೆಸರಿರಲಿಲ್ಲ. ಅವರು ಕೇಳಲೂ ಇಲ್ಲ.

ನಿಡಸೋಸಿಯಿಂದ ಮರಳುವಾಗ ಬಸ್ಸಿನಲ್ಲಿ ಅವರು ನನ್ನನ್ನೊಂದು ಮಾತು ಕೇಳಿದ್ದರು. “ನಿಮ್ಮಪ್ಪನ ಹೊಲದಾಗ ನಿನ್ನ ಹೆಸರೈತೇನು, ತಂಗಿ?” ನಾನು ಹುಕ್ಕೇರಿ ದಾಟುವವರೆಗೂ ಕಿಟಕಿಯಾಚೆಯ ಹೊಲಗಳನ್ನೇ ನೋಡಿದೆ. ಅವರು ಇನ್ನೊಮ್ಮೆ ಕೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಹೊಲ ಅಣ್ಣನೊಬ್ಬನ ಹೆಸರಿಗೆ ಏರಿತ್ತು. ಅವನೆದುರು ಆ ಮಾತೆತ್ತಲು ನನಗೆ ನಾಲ್ಕು ವರ್ಷ ಬೇಕಾಯಿತು. ಅವನು ಉಣ್ಣುವುದನ್ನು ನಿಲ್ಲಿಸಿ, “ನೀ ಯಾವತ್ತೂ ಕೇಳಲೇ ಇಲ್ಲಲ್ಲ” ಎಂದ. ಮರುವಾರವೇ ಬಂದು ನನ್ನ ಹೆಸರು ಸೇರಿಸುವ ಅರ್ಜಿಗೆ ಸಹಿ ಹಾಕಿದ. ನಾನು ಅಷ್ಟು ದಿನ ಹೆದರಿದ್ದು ಯಾರಿಗೆ ಎಂದು ಇವತ್ತಿಗೂ ತಿಳಿಯದು.

ಅಷ್ಟರಲ್ಲಿ ಸಾಹೇಬರು ತೀರಿಕೊಂಡಿದ್ದರು. ಗೋಕಾಕದ ಅವರ ಮನೆಗೆ ಹೋಗಿ ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವರು ಚಹಾ ಲೋಟ ನನ್ನ ಕೈಗೆ ಕೊಟ್ಟು, “ಅವರಿದ್ರ ಬಾಯಿ ಮಾತು ಬ್ಯಾಡ, ಉತಾರಾ ತೋರ್ಸು ಅಂತಿದ್ರವಾ” ಎಂದರು.

ಹೊಲದ ಪಹಣಿಯ ಉತಾರ ನನ್ನ ಚೀಲದಲ್ಲಿಯೇ ಇತ್ತು. ತೆಗೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ನನ್ನ ಹೆಸರನ್ನು ಗಟ್ಟಿಯಾಗಿ ಓದಿದರು.