ಬಂತು ಅನ್ನುವ ಮಾತು

ನಮ್ಮ ಯಜಮಾನರು ರಾಮಾಂಜಿನಯ್ಯ ಗುಬ್ಬಿಯಲ್ಲಿ ಖಾಸಗಿ ಬಸ್ಸಿನ ಏಜೆಂಟ್ ಆಗಿದ್ದರು. ಚೇಳೂರು, ಚೇಳೂರು ಎಂದು ಕೂಗಿ ಜನ ಹತ್ತಿಸುವ ಕೆಲಸ. ಬಸ್ಸು ಕಣ್ಣಿಗೆ ಬೀಳದಿದ್ದರೂ ಕೇಳಿದವರಿಗೆಲ್ಲ ‘ಬಂತು, ಬಂತು’ ಎನ್ನುತ್ತಿದ್ದರು. ಹಾಗನ್ನದಿದ್ದರೆ ಜನ ಆಟೋ ಹತ್ತಿ ಹೋಗಿಬಿಡುತ್ತಾರೆ.

ಅವರಿಗೆ ಒಂದು ಹುಚ್ಚಿತ್ತು. ವಿಜ್ಞಾನದಲ್ಲಿ ಹೊಸದೇನು ಬಂದರೂ ತಾವು ನೋಡಬೇಕು, ಊರಿಗೂ ತೋರಿಸಬೇಕು. ಪೇಪರಿನ ವಿಜ್ಞಾನದ ಪುಟ ಕತ್ತರಿಸಿ ನಿಲ್ದಾಣದ ಕಂಬಕ್ಕೆ ಅಂಟಿಸುತ್ತಿದ್ದರು. ‘ಸುಮ್ನೆ ಕೂತಿರ್ತೀರಲ್ಲ, ಓದ್ರಿ’ ಎನ್ನುತ್ತಿದ್ದರು. ಓದು ಬಾರದವರ ಮುಂದೆ ಫೋನು ಹಿಡಿಯುತ್ತಿದ್ದರು.

ಚೇಳೂರಿನ ಚಿಕ್ಕಮಾರಮ್ಮ ಎಂಬ ಮುದುಕಿ ಒಂದು ದಿನ ರೇಗಿದಳು.

‘ಏನ್ಲಾ ರಾಮಾಂಜಿ, ಬಂತು ಅಂದೆ, ಎಲ್ಲೋ ಬಸ್ಸು?’

‘ಬಂತು ಕಣವ್ವ. ಅಲ್ಲೀಗಂಟ ಇದ್ನ ನೋಡು. ತೆಂಗಿನಮರ ಹತ್ತೋ ರೋಬೋಟು ಬಂತು.’

‘ಅದು ಹತ್ತಿ ನಿನ್ ತಲೆ ಮ್ಯಾಲೇ ಕಾಯಿ ಕೆಡವ್ಲಿ. ಬಸ್ ಎಲ್ಲೈತೆ ಅದ್ನ ಹೇಳು!’

ನಿಲ್ದಾಣವೆಲ್ಲ ನಕ್ಕಿತು. ಅವರೂ ನಕ್ಕರು.

ಆಮೇಲೆ ಅವರ ಎರಡು ಕಿಡ್ನಿಯೂ ಹೋದವು. ತುಮಕೂರಿಗೆ ಹೋಗಿ ಡಯಾಲಿಸಿಸ್ ಮಾಡಿಸುತ್ತಿದ್ದೆವು. ನನ್ನನ್ನೂ ಪರೀಕ್ಷೆ ಮಾಡಿದರು. ನನ್ನ ಕಿಡ್ನಿ ಹೊಂದುತ್ತದೆ, ಕೊಡಬಹುದು, ತಡ ಮಾಡಬೇಡಿ ಎಂದರು ಡಾಕ್ಟರು. ನಾನು ಅಲ್ಲೇ ಹೂಂ ಎಂದೆ. ಯಜಮಾನರು ಬೇಡ ಎಂದರು.

‘ನಿನ್ ಹೊಟ್ಟೆ ಯಾಕೆ ಕುಯ್ಸ್‌ಬೇಕು? ಮಿಷನ್ ಕಿಡ್ನಿ ಬಂತು ಕಣೇ. ಮುಷ್ಟಿಯಷ್ಟು ಡಬ್ಬಿ. ಹೊಟ್ಟೆ ಒಳಗೇ ಇಡ್ತಾರೆ, ನೋಡಿಲ್ಲಿ.’

ನಾನು ನಾಲ್ಕನೇ ಕ್ಲಾಸು ಓದಿದವಳು. ಆದರೂ ಅವರ ಬಾಯಲ್ಲಿ ‘ಬಂತು’ ಎಂದರೆ ಇನ್ನೂ ಬಂದಿಲ್ಲ ಎಂದು ಅರ್ಥ. ಅದು ನನಗೆ ಗೊತ್ತಿತ್ತು. ಫೋನು ತೆಗೆದುಕೊಂಡು ಹೋಗಿ ಡಾಕ್ಟರಿಗೇ ತೋರಿಸಿದೆ. ಅವರು ಪೂರ್ತಿ ನೋಡಿದರು.

‘ಅಮ್ಮಾ, ಇದಿನ್ನೂ ಪರೀಕ್ಷೆಯಲ್ಲಿದೆ. ಯಾವಾಗ ಸಿಗುತ್ತೋ ಹೇಳಕ್ಕಾಗಲ್ಲ. ನಿಮ್ಮದು ಈಗಲೇ ಇದೆಯಲ್ಲ.’

ಅದನ್ನೇ ಯಜಮಾನರಿಗೆ ಹೇಳಿದೆ. ಕೇಳಲಿಲ್ಲ. ಇನ್ನೊಂದು ವಿಡಿಯೋ ತೋರಿಸಿದರು, ಮತ್ತೊಂದು ತೋರಿಸಿದರು. ಜಗಳವಾಡಿದೆ, ಅತ್ತು ಕರೆದೆ, ಊಟ ಬಿಟ್ಟೆ. ಒಂದು ಸಲ ಬಾಯಿ ಬಿಟ್ಟು ಹೇಳಿದರು: ‘ನಿಂಗೇನಾದ್ರೂ ಆದ್ರೆ ನಾನ್ ಬದ್ಕಿ ಏನ್ ಮಾಡ್ಲಿ?’ ಆ ಮಾತನ್ನು ತಿರುಗಿಸಿ ನಾನೂ ಕೇಳಬೇಕಾಗಿತ್ತು. ಆಗ ಹೊಳೆಯಲಿಲ್ಲ.

ಕಾಲು ಊದಿಕೊಂಡು ನಿಲ್ದಾಣಕ್ಕೆ ಹೋಗುವುದು ನಿಂತ ಮೇಲೆ ಒಂದು ಬೆಳಿಗ್ಗೆ ತಾವಾಗಿಯೇ ‘ಆಯ್ತು, ಕೊಡು’ ಎಂದರು. ಆವತ್ತೇ ಕರೆದುಕೊಂಡು ಹೋದೆ. ಮತ್ತೆ ಪರೀಕ್ಷೆ ಮಾಡಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಯಜಮಾನರ ಹಾರ್ಟ್ ಸೋತಿದೆ, ಆಪರೇಷನ್ ತಡೆಯುವುದಿಲ್ಲ ಎಂದರು. ಒಳಗೆ ಹೋದೆ. ಆಪರೇಷನ್ ಯಾವಾಗಂತೆ ಎಂದು ಕೇಳಿದರು. ಮುಂದಿನ ತಿಂಗಳಂತೆ ಎಂದೆ. ಅವರು ಅಷ್ಟು ದಿನ ಇರಲಿಲ್ಲ.

ತಿಥಿಯಾದ ಮೇಲೆ ಚೇಳೂರು ಬಸ್ಸಿನ ಡ್ರೈವರ್ ಓಬಳಯ್ಯ ಮನೆಗೆ ಬಂದ. ಒಳ್ಳೆಯವನು. ಸಮಾಧಾನ ಹೇಳಲು ಬಂದವನು ಫೋನು ತೆಗೆದ.

‘ಅಕ್ಕ, ಅಣ್ಣ ಹೇಳಿದ್ದು ಸುಳ್ಳಲ್ಲ. ನೋಡು, ಆ ಡಬ್ಬಿ ಇನ್ನೂ ಚಿಕ್ಕದು ಮಾಡವ್ರಂತೆ.’

‘ಮಾಡ್ಲಿ ಬುಡಪ್ಪ. ಯಾರಿಗಿಡ್ತೀಯ ಅದ್ನ?’

ಅವನು ಕಾಫಿಯನ್ನೂ ಮುಟ್ಟದೆ ಎದ್ದು ಹೋದ.

ಅವರಿಗೆ ಕೊಡಲೆಂದು ಪರೀಕ್ಷೆ ಮಾಡಿದಾಗ ನನ್ನ ಕಿಡ್ನಿ ಎರಡೂ ಚೆನ್ನಾಗಿವೆ ಎಂದಿದ್ದರು ಡಾಕ್ಟರು. ಈಗಲೂ ಚೆನ್ನಾಗಿಯೇ ಇರಬೇಕು. ನನಗೆ ಯಾವ ಕಾಯಿಲೆಯೂ ಇಲ್ಲ. ಕಷ್ಟ ಅದೇ.