ತಿಪ್ಪೆಗೆ ಬಿದ್ದ ಕಡಲಪಾಚಿ

ನನ್ನ ತಮ್ಮ ಹೊಲಕ್ಕೆಂದು ತಂದಿಟ್ಟ ಕಡಲಪಾಚಿ ಗೊಬ್ಬರದ ಕ್ಯಾನಿನ ಮುಚ್ಚಳ ಮೊನ್ನೆ ತೆಗೆದೆ. ಉಪ್ಪು, ಅಯೋಡಿನ್, ಮೀನು ಎಲ್ಲ ಬೆರೆತ ಆ ನಾತ... ಹಾನಗಲ್ಲಿನ ನಮ್ಮ ಮನೆಯ ಹಿಂದಿನ ಖೋಲಿ ಕಣ್ಮುಂದೆ ಬಂತು. ಎಂಬತ್ತರ ದಶಕದ ಕೊನೆಗೆ ಅಲ್ಲಿ ಬಾಡಿಗೆಗಿದ್ದವರು ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸರ್.

ರಜೆ ಬಂದರೆ ಸಾಕು, ಶಿರಸಿ ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ ಕೆಂಪು ಪಾಚಿ ತರುತ್ತಿದ್ದರು. ನೆರಳಲ್ಲಿ ಒಣಗಿಸಿ ಧಾರವಾಡದ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದರು. ಪಾಚಿಯ ಮುಖ್ಯ ಡಿಎನ್‌ಎ ಜೊತೆಗೆ ಬಳೆಯಂಥ ಪುಟ್ಟ ಡಿಎನ್‌ಎ, ಅಂದರೆ ಪ್ಲಾಸ್ಮಿಡ್, ಅವರಿಗೆ ಸಿಕ್ಕಿತ್ತು. ಅದು ಪಾಚಿಗೆ ಅಂಟಿದ ಬ್ಯಾಕ್ಟೀರಿಯಾದ್ದು ಎಂದು ಅವರ ಗೈಡು ತಳ್ಳಿಹಾಕಿದ್ದರು. ಖೋಲಿಯ ಬುಟ್ಟಿಯಲ್ಲಿ ಒಣಗಿಸಿಟ್ಟಿದ್ದ ಅದೇ ಪಾಚಿಯ ಉಳಿದ ಭಾಗವನ್ನು ಶುದ್ಧ ಮಾಡಿ ಮತ್ತೊಮ್ಮೆ ತೋರಿಸಬೇಕು, ಇಲ್ಲವಾದರೆ ಪಿಎಚ್.ಡಿ. ಆಸೆ ಬಿಡಬೇಕು.

“ಆ ಬಳಿಯಂಥ ಡಿಎನ್‌ಎದ ತುಣುಕು ಮುಖ್ಯ ಡಿಎನ್‌ಎದಾಗೂ ಐತಿ ಅನ್ನಸ್ತೈತಿ. ಹಂಗಂದ್ರ ಅದು ಹೊರಗಿಂದಲ್ಲ, ಪಾಚೀ ಮನೀದ,” ಎಂದು ನನಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅವರು ಪರೀಕ್ಷೆ ಡ್ಯೂಟಿಗೆ ಹಿರೇಕೆರೂರಿಗೆ ಹೋಗಿದ್ದ ದಿನ ಮಳೆ ಹನಿದು ನಾತ ಪಡಸಾಲೆಗೂ ನುಗ್ಗಿತು. ಲಿಂಗಪೂಜೆಗೆ ಕೂತಿದ್ದ ಅವ್ವ ಎದ್ದುಬಂದಳು. ನಮ್ಮ ಮನೆಯಲ್ಲಿ ಯಾರೂ ಸಮುದ್ರ ಕಂಡವರಲ್ಲ.

“ಪೂಜಿ ಮಾಡೂ ಮನ್ಯಾಗ ಒಣಮೀನ ತಂದಿಟ್ಟಾನಲ್ಲ!” ಎಂದು ಬುಟ್ಟಿಯನ್ನೆಲ್ಲ ತಿಪ್ಪೆಗೆ ಸುರುವಿದಳು.

ತಲೆನೋವೆಂದು ನಾನು ಅಂದು ಕಾಲೇಜಿಗೆ ಹೋಗದೆ ಪಡಸಾಲೆಯಲ್ಲೇ ಮಲಗಿದ್ದೆ. ಅದು ಮೀನಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ಬಾಯಿ ಬಿಡಲಿಲ್ಲ. ನನಗೂ ಆ ನಾತ ಸಾಕಾಗಿಹೋಗಿತ್ತು, ಅಷ್ಟೇ...

ಸಂಜೆ ಸರ್ ತಿಪ್ಪೆಯಲ್ಲಿ ಮೊಣಕಾಲೂರಿ ಕೆದಕಿದರು. ಸಗಣಿ ಮೆತ್ತಿದ ಎರಡು ಎಳೆ ಸಿಕ್ಕವು.

“ಇನ್ನ ಇದರಾಗ ಪಾಚೀದು ಯಾವ್ದು, ಬ್ಯಾಕ್ಟೀರಿಯಾದ್ದು ಯಾವ್ದು, ಯಾರು ಹೇಳ್ತಾರ?” ಎಂದು ಅಲ್ಲೇ ಬಿಟ್ಟರು. ನನ್ನ ಕಡೆ ತಿರುಗಿ, “ನೀ ಕಾಲೇಜಿಗೆ ಹೋಗಿದ್ದಿ. ಮನ್ಯಾಗ ಇದ್ದಿದ್ರ ಹೇಳ್ತಿದ್ದಿ, ಬಿಡು,” ಅಂದರು. ನಾನು ಹೂಂ ಅಂದೆ.

ತಿಂಗಳೊಳಗೆ ಖೋಲಿ ಬಿಟ್ಟರು. ಪಿಎಚ್.ಡಿ. ಆಗಲೇ ಇಲ್ಲ. ಮುಂದೆ ಎಂ.ಎಸ್ಸಿ. ಮಾಡುವಾಗ, ಕೆಂಪು ಪಾಚಿಯಲ್ಲಿ ಪ್ಲಾಸ್ಮಿಡ್ ಇರುವುದನ್ನು ಹೊರದೇಶದವರು ತೋರಿಸಿದ್ದನ್ನು ಓದಿದೆ. ಅದರ ತುಣುಕು ಮುಖ್ಯ ಡಿಎನ್‌ಎಯಲ್ಲೂ ಇತ್ತಂತೆ. ಸರ್‌ಗೆ ಪತ್ರ ಬರೆದು, ಹರಿದು ಹಾಕಿದೆ. ನಾಚಿಕೆಯಾಗಿತ್ತು.

ಸರ್ ಈಗಿಲ್ಲ. ಅವರ ಹೆಂಡತಿಗಾದರೂ ಹೇಳಿಬಿಡೋಣವೆಂದು ನಿನ್ನೆ ಸವಣೂರಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಕೈ ಹಿಡಿದುಕೊಂಡರು.

“ನಿಮ್ಮನ್ನ ಭಾಳ ನೆನಸ್ತಿದ್ರರಿ. ‘ಆ ಮನ್ಯಾಗ ನನ್ನ ಕೆಲಸ ತಿಳಿದಾಕಿ ಅಕಿ ಒಬ್ಬಾಕಿ’ ಅಂತಿದ್ರು.”

ಚಹಾ ಕುಡಿದು, ಏನೂ ಹೇಳದೆ ಬಸ್ಸು ಹತ್ತಿದೆ.